ದೀಪಾವಳಿ ಮತ್ತು ನಮ್ಮ ಮನೆಗಳ ಲೆಕ್ಕ

(ಹಬ್ಬದ ಮುಂಚಿನ ವಾರ ಹಳೇ ಹುಬ್ಬಳ್ಳಿಯಲ್ಲಿ ಕೆಲಸಗಾರರು ಹಾಗೂ ಚಿಕ್ಕ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಆಡಿದ ಮಾತು)



ಹಬ್ಬ ಎದುರಿಗಿರುವಾಗ ಸಭೆ ಕರೆದರೆ ಯಾರು ಬರುತ್ತಾರೆ ಎಂದು ಕೆಲವು ಗೆಳೆಯರು ನಮ್ಮನ್ನು ಕೇಳಿದರು. ಅವರು ಕೇಳಿದ್ದು ಸರಿಯೇ. ಮನೆಮನೆಯಲ್ಲಿ ಸುಣ್ಣಬಣ್ಣ ಅರ್ಧಕ್ಕೆ ನಿಂತಿದೆ. ಅಟ್ಟದ ಮೇಲಿನ ಹಿತ್ತಾಳೆಯ ಭಾಂಡೆಗಳು ಅಂಗಳಕ್ಕಿಳಿದು ಹುಣಸೆಹಣ್ಣಿನ ದಾರಿ ಕಾಯುತ್ತಿವೆ. ಅಂಗಡಿಕಾರರಿಗಂತೂ ವರ್ಷದಲ್ಲಿ ಕೈತುಂಬ ವ್ಯಾಪಾರವಾಗುವ ವಾರ ಇದೊಂದೇ. ಇಷ್ಟಿದ್ದೂ ನೀವು ಬಂದಿರುವಿರಿ. ಆದ್ದರಿಂದ ಮಾತನ್ನು ಬಹಳ ಬೆಳೆಸುವದಿಲ್ಲ.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ. ಹಬ್ಬ ಮಾಡಬೇಡಿರೆಂದು ಹೇಳುವದಕ್ಕೆ ನಾವು ಇಲ್ಲಿ ನಿಂತಿಲ್ಲ. ಸಮಾಜವಾದಿಗಳೆಂದರೆ ಹಬ್ಬ-ಹುಣ್ಣಿವೆ ಬೇಡವೆನ್ನುವವರು ಎಂಬ ತಿಳಿವಳಿಕೆ ಕೆಲವರಲ್ಲಿದೆ. ಹೂರಣದ ಹೋಳಿಗೆ ನಮಗೂ ರುಚಿಸುತ್ತದೆ. ಕಟ್ಟಿನ ಸಾರಂತೂ ಮರುದಿನ ಇನ್ನೂ ಹೆಚ್ಚು ರುಚಿ. ಇಂದು ಮಾತಾಡಬೇಕಾದದ್ದು ಹಬ್ಬ ಬೇಕೋ ಬೇಡವೋ ಎಂಬದರ ಮೇಲಲ್ಲ. ಹಬ್ಬದ ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬದರ ಮೇಲೆ.

ನಮ್ಮ ಕಡೆಯ ದೀಪಾವಳಿ ಒಂದು ದಿನದ ಹಬ್ಬವಲ್ಲ. ನೀರು ತುಂಬುವ ಹಬ್ಬದಿಂದ ಅದು ಸುರುವಾಗುತ್ತದೆ. ಅಂದು ಸಂಜೆ ಹೆಣ್ಣುಮಕ್ಕಳು ಹಂಡೆಯನ್ನು ಬೆಳಗಿ, ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು, ಹೂ ಏರಿಸಿ, ನಸುಕಿನ ಸ್ನಾನಕ್ಕೆಂದು ನೀರು ತುಂಬಿಡುತ್ತಾರೆ. ಹುಬ್ಬಳ್ಳಿ-ಧಾರವಾಡದವರಿಗೆ ಇದೊಂದು ವಿನೋದದ ಹೆಸರಾಗಿದೆ. ಬೇರೆ ಊರಿನವರಿಗೆ ನೀರು ತುಂಬುವ ಹಬ್ಬ ವರ್ಷಕ್ಕೊಮ್ಮೆ. ನಮಗೆ ನಳ ಬಂದ ದಿನವೆಲ್ಲ ಅದೇ ಹಬ್ಬ. ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಇಲ್ಲಿಯವರೆಗೆ ಬರುತ್ತದೆ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಹಗಲೂ ರಾತ್ರಿಯೂ ನೀರು ಕೊಡುವ ಯೋಜನೆಯೂ ಬಂತು. ಆದರೆ ಬಹಳ ಓಣಿಗಳಲ್ಲಿ ಇಂದಿಗೂ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ನಳದ ದಿನ ಎಣಿಸಬೇಕು. ಹಬ್ಬದ ದಿನವೂ ನಳದ ದಿನವೂ ಕೂಡಿ ಬಂದರೆ ಆ ಮನೆಯ ಪುಣ್ಯ. ಬರದಿದ್ದರೆ ನೆರೆಮನೆಯ ಬಾವಿಯೋ ಟ್ಯಾಂಕರೋ ಗತಿ.

ಮರುದಿನ ನರಕ ಚತುರ್ದಶಿ. ನಮ್ಮ ಮನೆಗಳಲ್ಲಿ ನಾಲ್ಕೂ ದಿನಗಳಲ್ಲಿ ಮಿಗಿಲಾದ ಗಳಿಗೆ ಇದೇ ಎಂದು ನಮಗೆ ಅನಿಸುತ್ತದೆ. ಕೋಳಿ ಕೂಗುವ ಮೊದಲೇ ಅವ್ವ ಎದ್ದು ಹಂಡೆಯ ಕೆಳಗೆ ಉರಿ ಹಚ್ಚುತ್ತಾಳೆ. ನಿದ್ದೆಗಣ್ಣಿನ ಹುಡುಗರನ್ನೂ ಮನೆಯ ಗಂಡಸರನ್ನೂ ಮಣೆಯ ಮೇಲೆ ಸಾಲಾಗಿ ಕೂಡಿಸುತ್ತಾರೆ. ಅಕ್ಕ-ತಂಗಿಯರು ನೆತ್ತಿಗೆ ಎಣ್ಣೆ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಆರತಿ ಬೆಳಗುತ್ತಾರೆ. ಆರತಿಯ ತಟ್ಟೆಯಲ್ಲಿ ಗಂಡಸರು ರೊಕ್ಕ ಹಾಕಬೇಕು. ವರ್ಷವಿಡೀ ಮನೆಯ ಹೆಣ್ಣುಮಕ್ಕಳು ಕೇಳದೆ ಬಿಟ್ಟದ್ದನ್ನು ಆ ಒಂದು ಮುಂಜಾವಿನಲ್ಲಿ ಕೇಳುವ ಹಕ್ಕು ಅವರಿಗಿದೆ. ಲಗ್ನವಾದ ಮೊದಲ ವರ್ಷ ಅಳಿಯನನ್ನು ಹಬ್ಬಕ್ಕೆ ಕರೆಯುವ ಪದ್ಧತಿಯೂ ಇದೆ. ಅಳಿಯ ಒಳ್ಳೆಯವನಿದ್ದರೆ ಹಬ್ಬ ಚಂದ. ಅಲ್ಲದಿದ್ದರೆ ಮಾವನ ಪಗಾರ ಮೂರು ತಿಂಗಳು ಅವನ ಹಿಂದೆಯೇ ಹೋಗುತ್ತದೆ.

ಅಮಾವಾಸ್ಯೆ ವ್ಯಾಪಾರಸ್ಥರ ದಿನ. ದುರ್ಗದ ಬೈಲಿನಲ್ಲಿ ಕಬ್ಬು, ಬಾಳೆಕಂಬ, ಚೆಂಡು ಹೂವಿನ ರಾಶಿ. ಜವಳಿ ಸಾಲಿನಲ್ಲಿ ಕಾಲಿಡಲು ಜಾಗವಿರುವದಿಲ್ಲ. ಕತ್ತಲಾಗುತ್ತಲೂ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಹೊಸ ವಹಿಗೆ ಅರಿಷಿಣ-ಕುಂಕುಮ, ಬಂದವರಿಗೆ ಚುರಮುರಿ, ಬತ್ತಾಸು, ಎಲೆ-ಅಡಿಕೆ. ಜೈನ ಬಂಧುಗಳಿಗೆ ಅದು ಮಹಾವೀರನು ನಿರ್ವಾಣ ಹೊಂದಿದ ದಿನ. ಹಬ್ಬಕ್ಕೆ ಹದಿನೈದು ದಿನ ಮೊದಲಿನಿಂದ ರಾತ್ರಿಯ ನಿದ್ದೆಗೆಟ್ಟು ನಮ್ಮ ಹುಡುಗರ ಅಂಗಿ-ಚಡ್ಡಿ ಹೊಲಿಯುವವರಲ್ಲಿ ಎಷ್ಟೋ ಮಂದಿ ಮುಸಲ್ಮಾನ ದರ್ಜಿಗಳು. ಅವರ ಮಷೀನು ನಿಂತರೆ ನಮ್ಮ ಹೊಸ ಬಟ್ಟೆ ಇಲ್ಲ. ಹಬ್ಬ ಯಾರದು ಎಂದು ಕೇಳುವವರಿಗೆ ನಾವು ಆ ದರ್ಜಿಯ ಅಂಗಡಿಯನ್ನು ತೋರಿಸುತ್ತೇವೆ.

ಪಾಡ್ಯದ ದಿನ ಸಗಣಿಯ ಪಾಂಡವರು. ಹೊಸ್ತಿಲಿನ ಎರಡೂ ಬದಿಗೆ, ತುಳಸಿಯ ಕಟ್ಟೆಗೆ, ಒಲೆಯ ಹತ್ತಿರ ಪುಟ್ಟ ಪುಟ್ಟ ಗೊಂಬೆಗಳನ್ನು ಇಟ್ಟು, ಉತ್ತರಾಣಿಯ ಕಡ್ಡಿ, ಚೆಂಡು ಹೂ ಸಿಕ್ಕಿಸುತ್ತಾರೆ. ಹಳ್ಳಿಯಲ್ಲಿ ಸಗಣಿಗೆ ಬೆಲೆಯಿರಲಿಲ್ಲ. ಪೇಟೆಯಲ್ಲಿ ಪಾಂಡವರೂ ರೊಕ್ಕಕ್ಕೆ ಬರುತ್ತಾರೆ. ಅಂದೇ ಗೌಳಿ ಬಂಧುಗಳು ಎಮ್ಮೆಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕವಡೆ ಸರ, ನವಿಲುಗರಿ ಕಟ್ಟಿ ಓಡಿಸುತ್ತಾರೆ. ಮುಂದೆ ಮೋಟರಸೈಕಲ್ಲು, ಹಿಂದೆ ಎಮ್ಮೆ! ಒಡೆಯನ ಗಾಡಿಯ ಸಪ್ಪಳವನ್ನೇ ಗುರುತಿಸಿ ಆ ಎಮ್ಮೆ ಬೆನ್ನು ಹತ್ತುವದನ್ನು ನೋಡಿದವರು ಮರೆಯುವದಿಲ್ಲ. ವರ್ಷವಿಡೀ ಹಾಲು ಕೊಟ್ಟ ಪ್ರಾಣಿಗೆ ಒಂದು ದಿನದ ಮೆರವಣಿಗೆ. ದುಡಿದವರನ್ನು ಮೆರೆಸುವ ಈ ಬುದ್ಧಿ ಗೌಳಿಯವರಿಗಿದೆ. ಮನುಷ್ಯರನ್ನು ದುಡಿಸುವ ಎಲ್ಲ ಒಡೆಯರಿಗೂ ಅದು ಇದೆಯೆಂದು ಹೇಳುವಂತಿಲ್ಲ.

ಪಾಡ್ಯಕ್ಕೆ ಬಲಿಪಾಡ್ಯವೆಂದು ಏಕೆ ಹೆಸರು? ಬಲಿ ಚಕ್ರವರ್ತಿಯ ಕಥೆ ನಿಮಗೆಲ್ಲ ಗೊತ್ತಿದೆ. ಕೊಟ್ಟ ಮಾತಿಗಾಗಿ ರಾಜ್ಯ ಕಳೆದುಕೊಂಡ ಅರಸು ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುತ್ತಾನೆ. ಇದು ನಿನ್ನೆ ಮೊನ್ನೆಯ ನಂಬಿಕೆಯಲ್ಲ. ಸುಮಾರು 1030ರಲ್ಲಿ ಅಲ್‌ಬಿರೂನಿ ಎಂಬ ಪಂಡಿತನು ಹಿಂದುಸ್ಥಾನದ ಮೇಲೆ ಬರೆದ ಗ್ರಂಥದಲ್ಲಿ ಈ ಹಬ್ಬದ ವರ್ಣನೆ ಇದೆ. ಜನರು ಮಿಂದು, ಹೊಸ ಬಟ್ಟೆ ಉಟ್ಟು, ಎಲೆ-ಅಡಿಕೆ ಹಂಚಿ, ರಾತ್ರಿ ಎಣಿಸಲಾರದಷ್ಟು ದೀಪ ಹಚ್ಚುತ್ತಾರೆ. ಲಕ್ಷ್ಮಿಯು ವರ್ಷಕ್ಕೊಂದು ದಿನ ಬಲಿಯನ್ನು ಬಂಧನದಿಂದ ಬಿಡಿಸುವಳು, ಅದಕ್ಕೆ ಆ ದಿನವನ್ನು ಬಲಿರಾಜ್ಯವೆನ್ನುತ್ತಾರೆ ಎಂದು ಆತ ಹೇಳಿದ್ದಾನೆ. ಸುಮಾರು 1420ರಲ್ಲಿ ನಮ್ಮ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೊಂತಿಯು ಗುಡಿಗಳ ಒಳಗೂ ಮಾಳಿಗೆಯ ಮೇಲೂ ಹಗಲಿರುಳು ಉರಿಯುವ ದೀಪಗಳ ಹಬ್ಬವನ್ನು ಕಂಡು ಬರೆದಿಟ್ಟ. ಮಹಾತ್ಮಾ ಜ್ಯೋತಿಬಾ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ಯಲ್ಲಿ ಈ ಬಲಿಯನ್ನೇ ದುಡಿಯುವ ರೈತರ ಅರಸನನ್ನಾಗಿ ಕಂಡರು. ಒಬ್ಬ ಒಳ್ಳೆಯ ಅರಸನ ಕಾಲದಲ್ಲಿ ಯಾರೂ ಉಪವಾಸವಿರಲಿಲ್ಲ, ಆ ಕಾಲ ವರ್ಷಕ್ಕೊಂದು ದಿನವಾದರೂ ತಿರುಗಿ ಬರಲಿ ಎಂಬ ಆಸೆಗೆ ಜನರು ಸಾವಿರ ವರ್ಷ ಎಣ್ಣೆ ಹೊಯ್ದಿದ್ದಾರೆ. ಬಡವರ ಮನೆಯಲ್ಲೂ ಅಂದು ಸಿಹಿ ಬೇಯಲೇಬೇಕು ಎಂಬ ಹಟ ಇಲ್ಲಿಂದಲೇ ಬಂದಿರಬೇಕು.

ಇನ್ನು ಆ ಹಟದ ಬೆಲೆಯ ಮಾತಿಗೆ ಬರುತ್ತೇವೆ.

ನಾವು ಚಿಕ್ಕವರಿದ್ದಾಗಿನ ಒಂದು ದೀಪಾವಳಿ, 1966ನೆಯ ಇಸವಿ. ಆ ವರ್ಷ ಜೂನ 6ರಂದು ಸರಕಾರವು ರೂಪಾಯಿಯ ಬೆಲೆಯನ್ನು ಇಳಿಸಿತ್ತು. ದೇಶದಲ್ಲಿ ಬರ. ಕಾಳು-ಕಡಿಗೆ ಕೈಹಚ್ಚುವ ಹಾಗಿರಲಿಲ್ಲ. ಬೋನಸ್ ಕಾಯದೆ ಹಿಂದಿನ ವರ್ಷವಷ್ಟೇ ಬಂದಿತ್ತು. ಲಾಭವಿರಲಿ ಹಾನಿಯಿರಲಿ, ವರ್ಷದ ಪಗಾರದ ಮೇಲೆ ನೂರಕ್ಕೆ 4, ಇಲ್ಲವೆ 40 ರೂಪಾಯಿ, ಯಾವದು ಹೆಚ್ಚೋ ಅದನ್ನು ಕೊಡಲೇಬೇಕೆಂದು ಅದರಲ್ಲಿ ಬರೆದಿತ್ತು. ನಾಲ್ವತ್ತು ರೂಪಾಯಿಯಲ್ಲಿ ಆಗ ಒಂದು ಮನೆಯ ಹಬ್ಬವಾಗುತ್ತಿತ್ತು. ಆದರೆ ಅಪ್ಪ ದುಡಿಯುತ್ತಿದ್ದ ಕಾರಖಾನೆಯವರು ಲೆಕ್ಕದ ತಕರಾರು ತೆಗೆದು, ಹಬ್ಬ ಮುಗಿಯಲಿ ನೋಡೋಣ ಎಂದುಬಿಟ್ಟರು.

ಅವ್ವ ಚೀಲ ಹಿಡಿದು ಓಣಿಯ ಮೂಲೆಯ ಕಿರಾಣಿ ಅಂಗಡಿಗೆ ಹೋದಳು. ಬೆನ್ನಿಗೆ ನಾವು.

“ಈ ಸಲ ಬೋನಸ್ ಆಗಿಲ್ರಿ ಸಾವಕಾರ್ರ.”

“ಗೊತ್ತೈತವ್ವಾ. ಮುಂಜಾನಿಂದ ನೀ ಏಳನೇದಾಕಿ. ಕೂಸುಗಳ ಮುಂದ ಹಬ್ಬ ಇಲ್ಲ ಅನ್ನಾಕ ಆಗೂದಿಲ್ಲ. ಏನೇನು ಬೇಕು ಹೇಳು, ಬರಕೋತೇನಿ.”

ಬೆಲ್ಲ, ಕಡಲೆಬೇಳೆ, ಪುಠಾಣಿ, ಅವಲಕ್ಕಿ, ಶೇಂಗಾ, ಎಣ್ಣೆ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಸಾಹುಕಾರರು ನಮ್ಮ ಕೈಯಲ್ಲಿ ಒಂದು ಹಿಡಿ ಪುಠಾಣಿಯನ್ನೂ ಇಟ್ಟರು. ಅದನ್ನು ಬರೆದುಕೊಳ್ಳಲಿಲ್ಲ.

ಚತುರ್ದಶಿಯ ನಸುಕು. ನಾವು ಹಂಡೆಯ ಒಲೆಯ ಬದಿಗೆ ಬೆಚ್ಚಗೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದೆವು. ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಎಂಟಾಣೆಯನ್ನು ತೆಗೆದು ಅಪ್ಪನ ಅಂಗೈಯಲ್ಲಿ ಇಟ್ಟಳು. ಇಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಆರತಿ ಎತ್ತಿದಾಗ ಅಪ್ಪ ಅದೇ ಎಂಟಾಣೆಯನ್ನು ತಟ್ಟೆಯಲ್ಲಿ ಹಾಕಿದ. ಮೆಲ್ಲಗೆ ಇಡಲಿಲ್ಲ, ಠಣ್ ಎನ್ನುವ ಹಾಗೆ ಹಾಕಿದ. ಸಂಜೆಗೆ ಅಕ್ಕ ಅದನ್ನು ಅವ್ವನ ಕೈಗೆ ಕೊಟ್ಟು, “ನಿನ್ನ ಹತ್ರನ ಇರ್ಲಿ” ಅಂದಳು. ಒಂದೇ ಎಂಟಾಣೆ ಮನೆಯನ್ನೆಲ್ಲ ಸುತ್ತಿ ಹೊರಟ ಗಂಟಿಗೇ ತಿರುಗಿ ಬಂತು. ನಿನಗೂ ಅಂದು ತಿಳಿದಿತ್ತೇನಕ್ಕಾ ಎಂದು ಎಷ್ಟೋ ವರ್ಷಗಳ ಮೇಲೆ ನಾವು ಕೇಳಿದೆವು. ಆಕೆ ನಕ್ಕು ಬೇರೆ ಮಾತು ತೆಗೆದಳು.

ಇದು ನಮ್ಮ ಮನೆಯ ಕಡೆಯಿಂದ. ಇನ್ನು ಅಂಗಡಿಯ ಕಡೆಯಿಂದ ನೋಡಿರಿ. ಅಮಾವಾಸ್ಯೆಯ ಸಂಜೆ ಸಾಹುಕಾರರ ಅಂಗಡಿಯಲ್ಲಿ ಪೂಜೆ. ಓಣಿಯವರೆಲ್ಲ ಹೋಗಿದ್ದೆವು. ಲಕ್ಷ್ಮಿಯ ಮುಂದೆ ಹಳೆಯ ವಹಿ, ಹೊಸ ವಹಿ ಎರಡನ್ನೂ ಇಟ್ಟಿದ್ದರು. ವರ್ಷದ ಉದ್ರಿಯೆಲ್ಲ ಅಂದಿಗೆ ತೀರಬೇಕು, ಹೊಸ ವಹಿಯ ಮೊದಲ ಹಾಳೆ ಬೆಳ್ಳಗಿರಬೇಕು ಎಂಬದು ವ್ಯಾಪಾರಸ್ಥರ ಆಸೆ. ಆ ವರ್ಷ ಅವರ ಹೊಸ ವಹಿಯ ಮೊದಲ ಹಾಳೆ ‘ಹಿಂದಿನ ಬಾಕಿ’ ಎಂದೇ ಸುರುವಾಯಿತು. ಅದರ ಕೆಳಗೆ ನಮ್ಮ ಓಣಿಯ ಮನೆಗಳ ಹೆಸರುಗಳು. ಸಾಹುಕಾರರೆಂದು ಕರೆದರೂ ಅವರೇನು ಸಾಹುಕಾರರೆ? ಅವರೂ ಅಡತಿ ಅಂಗಡಿಯಿಂದ ಮಾಲು ಎತ್ತಿ ತಂದವರು. ಹಬ್ಬದೊಳಗೆ ರೊಕ್ಕ ಕಟ್ಟದಿದ್ದರೆ ಬಡ್ಡಿ. ನಮ್ಮ ಬೋನಸ್ಸು ಬಂದದ್ದು ಸಂಕ್ರಾಂತಿಯ ಎದುರಿಗೆ. ಅಲ್ಲಿಯವರೆಗೆ ಅವರು ಬಡ್ಡಿ ಕಟ್ಟಿದರು. ನಮ್ಮ ಮೇಲೆ ಒಂದು ಪೈ ಹಾಕಲಿಲ್ಲ.

ಆ ಬಡ್ಡಿಯನ್ನು ಯಾರ ಖಾತೆಗೆ ಬರೆಯಬೇಕಾಗಿತ್ತು? ಕೆಲಸಗಾರನಿಗೆ ಸಲ್ಲಬೇಕಾದ ಹಣ ಎರಡು ತಿಂಗಳು ಕಾರಖಾನೆಯ ತಿಜೋರಿಯಲ್ಲಿ ಉಳಿಯಿತು. ಆ ಎರಡು ತಿಂಗಳ ಭಾರವನ್ನು ಕಿರಾಣಿ ಅಂಗಡಿಕಾರನು ಹೊತ್ತ. ಅಂದರೆ ಓಣಿಯ ಚಿಕ್ಕ ಅಂಗಡಿಯೂ ಓಣಿಯ ಕೆಲಸಗಾರನೂ ಕೂಡಿ ಆ ಕಾರಖಾನೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ಕೆಲಸಗಾರರ ಸಭೆಗೆ ಅಂಗಡಿಕಾರರನ್ನೇಕೆ ಕರೆದಿರಿ ಎಂದು ಹೊರಗೆ ಒಬ್ಬರು ನಮ್ಮನ್ನು ಕೇಳಿದರು. ಈ ಲೆಕ್ಕಕ್ಕಾಗಿಯೇ ಕರೆದಿದ್ದೇವೆ.

ಬೋನಸ್ಸು ಮಾಲಕರ ಖುಷಿಯ ಬಕ್ಷೀಸಲ್ಲ. ಅಹಮದಾಬಾದದಲ್ಲಿ 1917ರ ಪ್ಲೇಗಿನ ಕಾಲಕ್ಕೆ ಕೆಲಸಗಾರರು ಊರು ಬಿಟ್ಟು ಹೋಗಬಾರದೆಂದು ಗಿರಣಿಯವರು ಪ್ಲೇಗ್ ಬೋನಸ್ ಕೊಟ್ಟರು. ಬೇನೆ ಇಳಿದ ಕೂಡಲೆ ನಿಲ್ಲಿಸಿದರು. 1918ರಲ್ಲಿ ಗಾಂಧೀಜಿಯವರು ಆ ಕೆಲಸಗಾರರ ಬೆನ್ನಿಗೆ ನಿಂತು ಉಪವಾಸ ಮಾಡಿದ್ದು ಇತಿಹಾಸದಲ್ಲಿದೆ. ಮುಂಬಯಿಯ ಗಿರಣಿಗಳಲ್ಲಿ ಕೆಲವು ವರ್ಷ ಕೊಟ್ಟ ಬೋನಸ್ಸನ್ನು ತಪ್ಪಿಸಿದ್ದಕ್ಕೆ 1924ರಲ್ಲಿ ದೊಡ್ಡ ಮುಷ್ಕರವಾಯಿತು. ಕೇಳುವ ಹಕ್ಕೇ ಕೆಲಸಗಾರರಿಗಿಲ್ಲವೆಂದು ಆಗಿನ ಸಮಿತಿ ಹೇಳಿತು. ಕೃಪೆ ಎಂದದ್ದು ಹಕ್ಕು ಆಗಲಿಕ್ಕೆ 1965ರವರೆಗೆ ಕಾಯಬೇಕಾಯಿತು. ನೂರಕ್ಕೆ 4 ಇದ್ದದ್ದು 1972ರಲ್ಲಿ 8.33 ಆಯಿತು, ಎಂದರೆ ಹನ್ನೆರಡು ತಿಂಗಳು ದುಡಿದವನಿಗೆ ಹದಿಮೂರನೆಯ ತಿಂಗಳ ಪಗಾರ. ಹೆಚ್ಚೆಂದರೆ ನೂರಕ್ಕೆ 20. ವರ್ಷದಲ್ಲಿ ಮೂವತ್ತು ದಿನ ದುಡಿದವನಿಗೂ ಅವನ ಪಾಲು ಬರಬೇಕು. 2019ರ ವೇತನ ಸಂಹಿತೆಯಲ್ಲಿಯೂ ಈ 8.33 ಹಾಗೂ ಮೂವತ್ತು ದಿನಗಳ ಮಾತು ಇವೆ.

ರೈಲ್ವೆಯವರ ಕಥೆ ಬೇರೆ. ಹುಬ್ಬಳ್ಳಿಯಲ್ಲಿ ಕುಳಿತು ಅದನ್ನು ಹೇಳದೆ ಇರಲಾಗುವದಿಲ್ಲ. 1965ರ ಕಾಯದೆ ಅವರನ್ನು ಹೊರಗಿಟ್ಟಿತ್ತು. 1974ರ ಮೇ 8ರಂದು ದೇಶದ ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಬೋನಸ್ಸೂ ಒಂದು. ಮುಂದಾಳು, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ ಫರ್ನಾಂಡಿಸ್. ಇಪ್ಪತ್ತು ದಿನಗಳಲ್ಲಿ ಸಾವಿರಗಟ್ಟಲೆ ಜನ ಜೈಲು ಕಂಡರು, ಕೆಲಸ ಕಳೆದುಕೊಂಡರು. ಮೇ 27ಕ್ಕೆ ಮುಷ್ಕರ ಹಿಂತೆಗೆಯಬೇಕಾಯಿತು. ಸೋತರು ಎಂದೇ ಪತ್ರಿಕೆಗಳು ಬರೆದವು. ಆದರೆ 1979-80ರಿಂದ ರೈಲ್ವೆಗೆ ಉತ್ಪಾದನೆಗೆ ಹೊಂದಿಸಿದ ಬೋನಸ್ಸು ಬಂತು. ಇತ್ತೀಚಿನ ವರ್ಷಗಳಲ್ಲಿ ಅದು 78 ದಿನಗಳ ಪಗಾರ. 78 ದಿನಗಳೆಂದು ಕೇಳಿ ಹೊಟ್ಟೆಕಿಚ್ಚು ಪಡಬೇಡಿರಿ. ಲೆಕ್ಕಕ್ಕೆ ಹಿಡಿದದ್ದು ತಿಂಗಳಿಗೆ 7,000 ರೂಪಾಯಿ, ಹೀಗಾಗಿ ಕೈಗೆ ಬಂದದ್ದು ಹೆಚ್ಚೆಂದರೆ 17,951. ಆದರೂ ಒಂದು ಗುಣ ನೋಡಿರಿ: ಅದು ದಸರೆಯ ಎದುರಿಗೇ ಗೊತ್ತಾಗುತ್ತದೆ. ವರ್ಕಶಾಪಿನ ಪಗಾರವಾದರೆ ಹುಬ್ಬಳ್ಳಿಯ ಪೇಟೆಯ ಮುಖ ಅರಳುತ್ತದೆಂದು ಹಳೆಯ ಅಂಗಡಿಕಾರರನ್ನು ಕೇಳಿರಿ, ಹೇಳುತ್ತಾರೆ.

ಉಳಿದವರಿಗೆ? ಇಲ್ಲಿಯೇ ತೊಡಕು. ಲೆಕ್ಕದ ವರ್ಷ ಮುಗಿದ ಮೇಲೆ ಎಂಟು ತಿಂಗಳೊಳಗೆ ಬೋನಸ್ ಕೊಟ್ಟರೆ ಸಾಕು ಎಂದು ಕಾಯದೆ ಹೇಳುತ್ತದೆ. ವರ್ಷ ಮುಗಿಯುವದು ಮಾರ್ಚ 31ಕ್ಕೆ. ಎಂಟು ತಿಂಗಳೆಂದರೆ ನವೆಂಬರ 30. ದೀಪಾವಳಿ ಯಾವ ವರ್ಷವೂ ನವೆಂಬರದ ನಡುವನ್ನು ದಾಟಿ ಬರುವದಿಲ್ಲ. 2023ರಲ್ಲಿ ನವೆಂಬರ 12ಕ್ಕೆ ಬಂತು. 2025ರಲ್ಲಿ ಅಕ್ಟೋಬರದಲ್ಲಿಯೇ ಮುಗಿದುಹೋಯಿತು. ಅಂದರೆ ಪಣತಿಯ ಎಣ್ಣೆ ಆರಿ ವಾರಗಳಾದ ಮೇಲೆ ಬೋನಸ್ ಕೊಟ್ಟರೂ ಮಾಲಕರು ಕಾಯದೆ ಮುರಿದಂತಾಗುವದಿಲ್ಲ. ಕಾಯದೆಯ ಪಂಚಾಂಗ ಬೇರೆ, ಅವ್ವನ ಪಂಚಾಂಗ ಬೇರೆ. ಹಬ್ಬದ ಮುಂಚೆ ಕೊಡುವ ಕಾರಖಾನೆಗಳು ನಮ್ಮಲ್ಲಿ ಇಲ್ಲವೆಂದಲ್ಲ; ಇವೆ, ಅವರಿಗೆ ನಮಸ್ಕಾರ. ಆದರೆ ಅದು ರೂಢಿ. ಕಾಗದದ ಮೇಲೆ ಇಲ್ಲ. ರೂಢಿಯನ್ನು ಮುರಿಯಲು ಒಬ್ಬ ಹೊಸ ಮ್ಯಾನೇಜರು ಬಂದರೆ ಸಾಕು.

ವ್ಯಾಪಾರಸ್ಥರ ವಹಿಗೂ ಇದೇ ಗತಿಯಾಯಿತು. ಹಿಂದೆ ಪಾಡ್ಯದಿಂದ ಪಾಡ್ಯದವರೆಗೆ ಲೆಕ್ಕ ಇಡಬಹುದಾಗಿತ್ತು, ಆದಾಯ ತೆರಿಗೆಯವರೂ ಅದನ್ನು ಒಪ್ಪುತ್ತಿದ್ದರು. 1987ರ ತಿದ್ದುಪಡಿಯ ಮೇಲೆ, 1989ರಿಂದ, ಎಲ್ಲರ ವರ್ಷವೂ ಮಾರ್ಚ 31ಕ್ಕೇ ಮುಗಿಯಬೇಕೆಂದಾಯಿತು. ಈಗ ಅಮಾವಾಸ್ಯೆಯ ದಿನ ಪೂಜೆಗೊಳ್ಳುವ ವಹಿಯಲ್ಲಿ ಬರೆಯುವದು ಒಂದು ಶ್ರೀಕಾರ, ಎರಡು ಸಾಲು. ಎಷ್ಟೋ ಅಂಗಡಿಗಳಲ್ಲಿ ಕಂಪ್ಯೂಟರಿಗೇ ಕುಂಕುಮ ಹಚ್ಚುತ್ತಾರೆ. ಹಚ್ಚಲಿ, ನಮ್ಮ ತಕರಾರಿಲ್ಲ. ಆದರೆ ಉದ್ರಿ ಮಾತ್ರ ಇಂದಿಗೂ ಹಳೆಯ ಪಂಚಾಂಗವನ್ನೇ ಹಿಡಿದು ನಡೆಯುತ್ತದೆ. ಅಡತಿಯವನು ಮಾರ್ಚಿನವರೆಗೆ ಕಾಯುವದಿಲ್ಲ.

ಕಾರವಾರ ರಸ್ತೆಯ ಭಾರತ ಮಿಲ್ಲಿನ ಭೋಂಗಾ ಕೇಳಿ ಏಳುತ್ತಿದ್ದ ಓಣಿಗಳು ನಮ್ಮ ಊರಲ್ಲಿದ್ದವು. ಆ ಭೋಂಗಾ ಈಗ ಇಲ್ಲ. ಆ ಕೆಲಸಗಾರರ ಮೊಮ್ಮಕ್ಕಳು ಇಂದು ಗೋಕುಲ ರಸ್ತೆಯಲ್ಲಿ, ತಾರಿಹಾಳದಲ್ಲಿ, ಧಾರವಾಡದ ಬೇಲೂರಿನಲ್ಲಿ ದುಡಿಯುತ್ತಿದ್ದಾರೆ. ಅಜ್ಜನಿಗೆ ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿತ್ತು; ಮೊಮ್ಮಗನ ಹೆಸರು ಗುತ್ತಿಗೆದಾರನ ಚೀಟಿಯಲ್ಲಿದೆ. ಒಂದೇ ಮಷೀನಿನ ಮುಂದೆ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಬೋನಸ್ಸು, ಇನ್ನೊಬ್ಬನಿಗೆ ಮಿಠಾಯಿ ಡಬ್ಬಿ. ಗುತ್ತಿಗೆದಾರನ ಹೆಸರಿನಲ್ಲಿ ದುಡಿದರೂ ದುಡಿದವನು ನೌಕರನೇ; ಡಬ್ಬಿ ಕೊಟ್ಟರೆ ಬೋನಸ್ಸು ತೀರುವದಿಲ್ಲ.

ಈಗ ಅಂಗಡಿಕಾರ ಬಂಧುಗಳಿಗೂ ಒಂದು ಮಾತು, ಸಿಟ್ಟಾಗಬೇಡಿರಿ. ಇಪ್ಪತ್ತು ಜನರಿಗಿಂತ ಕಡಿಮೆಯಿರುವ ಅಂಗಡಿಗೆ ಬೋನಸ್ಸಿನ ನಿಯಮ ತಟ್ಟುವದಿಲ್ಲ. ಆದ್ದರಿಂದ ನಿಮ್ಮಲ್ಲಿ ಥಾನು ಬಿಚ್ಚಿ ಮಡಚುವ ಹುಡುಗನಿಗೆ, ಹಬ್ಬದ ವಾರ ರಾತ್ರಿ ಹನ್ನೊಂದರವರೆಗೆ ನಿಲ್ಲುವ ಆ ಹುಡುಗಿಗೆ, ನೀವು ಕೊಟ್ಟದ್ದೇ ಬೋನಸ್ಸು. ಕಾಯದೆ ಇಲ್ಲವೆಂದು ಕೈ ಬಿಗಿ ಹಿಡಿದರೆ ಕಾರಖಾನೆಯವನಿಗೂ ನಿಮಗೂ ಏನು ಅಂತರ? ಚತುರ್ದಶಿಯ ಮುಂಜಾನೆ ಆ ಹುಡುಗನಿಗೂ ತಂಗಿ ಆರತಿ ಬೆಳಗುತ್ತಾಳೆ. ಅಮಾವಾಸ್ಯೆಯ ಪೂಜೆಯಾದ ಮೇಲೆ ಲಕೋಟೆ ಕೊಡುವದು ನಿಮ್ಮಲ್ಲಿ ರೂಢಿ. ಎರಡು ದಿನ ಮೊದಲು ಕೊಟ್ಟರೆ ಅದೇ ರೊಕ್ಕ ತಟ್ಟೆಯಲ್ಲಿ ಬೀಳುತ್ತದೆ, ಅದೇ ರೊಕ್ಕ ನಿಮ್ಮ ನೆರೆಯ ಅಂಗಡಿಗೂ ಬರುತ್ತದೆ.

ನಿಮ್ಮ ಕಷ್ಟವನ್ನೂ ಬಲ್ಲೆವು. ಬಟ್ಟೆ, ಭಾಂಡೆ, ಆಕಾಶಬುಟ್ಟಿ ಸಹ ಈಗ ಫೋನಿನಲ್ಲಿ ತರಿಸುತ್ತಾರೆ. ಜವಳಿ ಸಾಲಿನಲ್ಲಿ ಬಣ್ಣ ನೋಡಿ, ಬೆಲೆ ಕೇಳಿ, ಮನೆಗೆ ಹೋಗಿ ಫೋನಿನಲ್ಲಿ ಕೊಳ್ಳುವವರಿದ್ದಾರೆ. ಆ ಪೊಟ್ಟಣವನ್ನು ತಂದುಕೊಡುವ ಹುಡುಗ ಯಾರು? ನಮ್ಮ ಓಣಿಯವನೇ. ಹಬ್ಬದ ದಿನವೂ ಗಾಡಿ ಓಡಿಸುತ್ತಾನೆ. ಅವನನ್ನು ನೌಕರನೆಂದು ಕಂಪನಿ ಒಪ್ಪುವದಿಲ್ಲ; ‘ಪಾಲುದಾರ’ನೆಂದು ಕರೆಯುತ್ತದೆ. ಲಾಭದಲ್ಲಿ ಮಾತ್ರ ಪಾಲಿಲ್ಲ! 2025ರಲ್ಲಿ ನಮ್ಮ ರಾಜ್ಯವು ಇಂಥವರಿಗಾಗಿ ಕಾಯದೆ ಮಾಡಿ, ಕಂಪನಿಗಳಿಂದ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ತೆಗೆದುಕೊಳ್ಳುವ ವ್ಯವಸ್ಥೆ ತಂದಿತು. ಒಳ್ಳೆಯದಾಯಿತು. ಹಬ್ಬದ ಬೋನಸ್ಸು ಅದರಲ್ಲಿಲ್ಲ.

ಪಟಾಕಿಯ ಮೇಲೆ ಬಹಳ ಹೇಳುವದಿಲ್ಲ. ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ನಮ್ಮ ಊರಿನ ಗಡಿಯಾರಗಳಿಗೆ ಅದು ಮುಟ್ಟಿದ ಹಾಗೆ ಕಾಣುವದಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇವೆ. 2023ರ ಅಕ್ಟೋಬರ 7ರಂದು ಬೆಂಗಳೂರಿನ ಹತ್ತಿರ ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಾಗ ಹದಿನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ಜನರು ಸತ್ತರು. ಹಲವರು ತಮಿಳುನಾಡಿನಿಂದ ಹಬ್ಬದ ದಿನಗಳ ಕೆಲಸಕ್ಕೆಂದು ಬಂದ ಎಳೆಯ ಹುಡುಗರು. ತಮ್ಮ ಮನೆಯ ದೀಪಾವಳಿಗೆ ನಾಲ್ಕು ಕಾಸು ಕೂಡಿಸಲು ಹೊರಟವರು. ಸರ ಹಚ್ಚುವಾಗ ಅವರ ನೆನಪಿರಲಿ. ಮತ್ತು ಪಾಡ್ಯದ ಮುಂಜಾನೆ ನಾವು ಹೊಸ ಬಟ್ಟೆಯಲ್ಲಿರುವಾಗ ಓಣಿಯ ಸುಟ್ಟ ಕಾಗದವನ್ನು ಗುಡಿಸುವ ಪೌರಕಾರ್ಮಿಕ ತಾಯಂದಿರ ನೆನಪೂ ಇರಲಿ. ನಿಮ್ಮ ಮನೆಯ ಮುಂದಿನದನ್ನು ನೀವೇ ಗುಡಿಸಿಟ್ಟರೆ ಅವರ ಹಬ್ಬ ಒಂದು ತಾಸು ಮುಂಚೆ ಸುರುವಾದೀತು.

ಇನ್ನು ಕೆಲಸದ ಮಾತು. ಬೋನಸ್ಸಿನ ಕೊನೆಯ ದಿನವನ್ನು ನವೆಂಬರ 30ರಿಂದ ಹಿಂದೆ ತಂದು, ನೀರು ತುಂಬುವ ಹಬ್ಬಕ್ಕೆ ಹತ್ತು ದಿನ ಮೊದಲು ಎಂದು ಬರೆಯಿಸಬೇಕು. ಕಾಯದೆ ತಿದ್ದುವವರೆಗೆ ಕಾಯಬೇಕಾಗಿಲ್ಲ. ಕಾರಖಾನೆ ಕಾರಖಾನೆಗೆ ಹೋಗಿ ಒಪ್ಪಂದದ ಕಾಗದದಲ್ಲಿ ಆ ಒಂದು ಸಾಲು ಸೇರಿಸಿದರಾಯಿತು. ಅರ್ಜಿಗೆ ಕೆಲಸಗಾರರ ಸಹಿಯ ಕೆಳಗೆ ಆ ಓಣಿಯ ಅಂಗಡಿಕಾರರ ಸಹಿಯೂ ಇರಬೇಕೆಂದು ನಮ್ಮ ಸೂಚನೆ. ಕೆಲಸಗಾರ ಕೇಳಿದರೆ ದುರಾಸೆ ಎನ್ನುವವರು, ಅಂಗಡಿಕಾರನೂ ಕೇಳಿದರೆ ಲೆಕ್ಕ ಎನ್ನುತ್ತಾರೆ. ಗುತ್ತಿಗೆಯವರ ಹೆಸರನ್ನು ಬಿಟ್ಟು ಅರ್ಜಿ ಬರೆಯಬಾರದು. ಅವರನ್ನು ಬಿಟ್ಟರೆ ನಮ್ಮದು ಬೇಗ ಆದೀತೆಂದು ಕೆಲವರು ನಮ್ಮಲ್ಲಿಯೇ ಹೇಳುತ್ತಿದ್ದಾರೆ. ಆಗಲೂಬಹುದು. ಆದರೆ ಒಂದೇ ಚಾಳಿನಲ್ಲಿ ಒಂದು ಬಾಗಿಲಿಗೆ ಪಣತಿ ಇಟ್ಟು ಪಕ್ಕದ ಬಾಗಿಲನ್ನು ಕತ್ತಲಲ್ಲಿ ಬಿಡುವ ಜನ ನಾವಲ್ಲ.

ಬರುವ ರವಿವಾರ ಮುಂಜಾನೆ ಹತ್ತಕ್ಕೆ ನಾವು ಇದೇ ಜಾಗದಲ್ಲಿ ಕೂಡುತ್ತೇವೆ. ಬೋನಸ್ಸು ಸಿಗದವರು ಪಗಾರ ಚೀಟಿ ತರಬೇಕು. ಚೀಟಿ ಕೊಡದ ಕಡೆ ದುಡಿಯುವವರು ಹಾಜರಿ ಕಾರ್ಡನ್ನೋ ಬ್ಯಾಂಕಿನ ಪುಸ್ತಕವನ್ನೋ ತಂದರೂ ಸಾಕು. ಮೂವತ್ತು ದಿನ ಎಣಿಸಿ ತೋರಿಸುವಷ್ಟಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವ ಕೆಲಸ ನಮ್ಮದು. ಗಂಡಸರಿಗೆ ಪಾಳಿಯಿದ್ದರೆ ಮನೆಯ ಹೆಣ್ಣುಮಕ್ಕಳು ಬರಲಿ. ಹಬ್ಬದ ಲೆಕ್ಕ ಹೇಗಿದ್ದರೂ ಅವರಿಗೇ ಹೆಚ್ಚು ಗೊತ್ತು. ಅಂಗಡಿಕಾರ ಬಂಧುಗಳು ವಹಿ ತರುವದು ಬೇಡ, ಸಹಿ ಹಾಕಲು ಬಂದರೆ ಸಾಕು.